ಮೆಲಂಕಲಿ ಎಂಬ ಕಂಬಳಿ

ನನ್ನ ತಮ್ಮ ನನಗೆ ಒಂದೇ ಒಂದು ಕೆಲಸ ಹೇಳಿದ್ದ. ಹರಿಹರಕ್ಕೆ ಹೋಗಿ, ಅವನ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರ ಮನೆಯಲ್ಲಿದ್ದ ದೊಡ್ಡ ಡಿಕ್ಷನರಿಯಲ್ಲಿ ಒಂದು ಪದ ಹುಡುಕಿ, ಅದರ ಅರ್ಥವನ್ನೂ ಅದು ಎಲ್ಲಿಂದ ಬಂತು ಎಂಬುದನ್ನೂ ಬರೆದುಕೊಂಡು ಬರಬೇಕಿತ್ತು. ನಾನು ಹರಿಹರಕ್ಕೆ ಹೋದೆ. ಮೇಷ್ಟ್ರ ಮನೆಯ ಗೇಟಿನವರೆಗೂ ಹೋದೆ. ಒಳಗೆ ಹೋಗಲಿಲ್ಲ. ಪದವನ್ನು ನೋಡಲಿಲ್ಲ. ನೋಡಿದೆ ಎಂದು ಮನೆಗೆ ಬಂದು ಸುಳ್ಳು ಹೇಳಿದೆ.

ಕೇಳಿದವರು ಇಷ್ಟೇನಾ ಎಂದು ನಗುತ್ತಾರೆ. ನಗಲಿ. ಆ ಸುಳ್ಳಿನಿಂದ ತಮ್ಮನಿಗೆ ಏನು ತಪ್ಪಿಹೋಯಿತು ಎಂಬುದು ಗೊತ್ತಾದ ಮೇಲೂ ನಾನು ಒಂದು ವರ್ಷ ಬಾಯಿ ಬಿಡಲಿಲ್ಲ. ಅದನ್ನೂ ಬರೆದುಬಿಡಬೇಕು ಎಂದು ಕೂತಿದ್ದೇನೆ.

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಮಾತು. ನಿಜಲಿಂಗಪ್ಪ ಬಡಾವಣೆಗೆ ತಿರುಗುವ ರಸ್ತೆಯಲ್ಲಿ ನಮ್ಮದು ಮಂಡಕ್ಕಿ, ಮೆಣಸಿನಕಾಯಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ನಾನು ಏಳನೇ ಕ್ಲಾಸು ಮುಗಿಸಿದ ವರ್ಷ ಅಪ್ಪ ತೀರಿಕೊಂಡಿದ್ದರು. ಅಂದಿನಿಂದ ಅವ್ವ ಒಗ್ಗರಣೆಯ ಮಂಡಕ್ಕಿ ಕಲಸುತ್ತಾಳೆ, ನಾನು ಕಡಲೆಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದಿ ಬಾಣಲೆಗೆ ಬಿಡುತ್ತೇನೆ. ಶಾಲೆ ಬಿಟ್ಟದ್ದಕ್ಕೆ ಅಳಲಿಲ್ಲ. ಗಣಿತದ ಮೇಷ್ಟ್ರ ಕೋಲಿಗಿಂತ ಬಾಣಲೆಯ ಎಣ್ಣೆ ಎಷ್ಟೋ ವಾಸಿ ಎಂದುಕೊಂಡವಳು ನಾನು. ಓದುವ ಪಾಳಿ ತಮ್ಮನದಾಯಿತು. ನನಗಿಂತ ಐದು ವರ್ಷ ಚಿಕ್ಕವನು. ಕನ್ನಡ ಶಾಲೆಯಲ್ಲೇ ಓದಿ ಬಿ.ಎ. ಸೇರಿ, ಅದರಲ್ಲಿ ಇಂಗ್ಲಿಷನ್ನು ಆರಿಸಿಕೊಂಡಿದ್ದ.

ಅವನ ಕ್ಲಾಸಿನಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಹುಡುಗರಿದ್ದರು. ಅವರೆಲ್ಲ ಸಂಜೆ ನಮ್ಮ ಅಂಗಡಿಗೇ ಬರುತ್ತಿದ್ದರು. ಹಾಗಾಗಿ ಕಾಲೇಜಿನಲ್ಲಿ ಅವನ ಹೆಸರು 'ಮೆಣಸಿನಕಾಯಿ ಅಂಗಡಿ ಹುಡುಗ' ಎಂದೇ ಆಗಿತ್ತು. ಅದರಲ್ಲಿ ಅವಮಾನವೇನಿಲ್ಲ, ಆದರೆ ಹದಿನೆಂಟು ವರ್ಷದವನಿಗೆ ಬೇರೆ ಹೆಸರು ಬೇಕಿತ್ತು.

ಆ ವರ್ಷ ಅವರ ಇಂಗ್ಲಿಷ್ ಲೆಕ್ಚರರು ಒಂದು ಪಂದ್ಯ ಹೂಡಿದರು. ಪ್ರತಿಯೊಬ್ಬರೂ ಒಂದು ಇಂಗ್ಲಿಷ್ ಪದವನ್ನು ಆರಿಸಿಕೊಂಡು ಅದರ ಅರ್ಥ, ಹುಟ್ಟು ಎಲ್ಲವನ್ನೂ ಐದು ನಿಮಿಷ ಇಂಗ್ಲಿಷಿನಲ್ಲೇ ಹೇಳಬೇಕು. ಚೆನ್ನಾಗಿ ಹೇಳಿದ ಒಬ್ಬರನ್ನು ಶಿವಮೊಗ್ಗದ ಭಾಷಣ ಸ್ಪರ್ಧೆಗೆ ಕಾಲೇಜಿನಿಂದ ಕಳಿಸುವುದು. ತಮ್ಮ ಅಂದು ಮನೆಗೆ ಬಂದವನೇ ಕಾಲಲ್ಲಿ ಚಪ್ಪಲಿ ಇದ್ದಂತೆಯೇ ಒಲೆಯ ಹತ್ತಿರ ಬಂದು, "ಯಕ್ಕಾ, ಶಿವಮೊಗ್ಗಕ್ಕೆ ನಾನೇ ಹೋಗೋದು ನೋಡ್ತಿರು" ಎಂದ. ಅವ್ವ ಚಪ್ಪಲಿ ನೋಡಿ, "ಮೊದಲು ಹೊರಗೆ ಹೋಗು" ಎಂದಳು.

ಅವನು ಆರಿಸಿಕೊಂಡ ಪದ ಮೆಲಂಕಲಿ. ಪಾಠದಲ್ಲಿದ್ದ ಒಂದು ಪದ್ಯದಲ್ಲಿ ಅವನಿಗೆ ಸಿಕ್ಕಿತ್ತು.

"ಬಾಯಲ್ಲಿ ಬೆಲ್ಲ ಕರಗಿದಂಗೆ ಐತೆ ಯಕ್ಕಾ, ಹೇಳಿ ನೋಡು. ಮೆ-ಲಂ-ಕ-ಲಿ."

ನಾನೂ ಹೇಳಿದೆ. ಬೆಲ್ಲದಂತೆಯೇ ಇತ್ತು. "ಏನು ಹಾಗಂದ್ರೆ?"

ತನ್ನ ಚಿಕ್ಕ ಡಿಕ್ಷನರಿ ತೆಗೆದು ಓದಿದ: "ವಿಷಣ್ಣತೆ."

"ವಿಷಣ್ಣತೆ ಅಂದ್ರೇನಲೇ?"

"ಖಿನ್ನತೆ."

"ಖಿನ್ನತೆ ಅಂದ್ರೆ?"

ಅವನು ತಲೆ ಕೆರೆದುಕೊಂಡ. ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದ ಅವ್ವ, "ಮಂಕು ಬಡಿಯೋದು ಅನ್ನೋಕೆ ಊರೆಲ್ಲ ಸುತ್ತಿ ಬರ್ತೀರಲ್ಲ" ಎಂದಳು. "ಸುಮ್ ಸುಮ್ನೆ ಮುಖ ಸಪ್ಪಗೆ ಮಾಡ್ಕೊಂಡು ಮೂಲೇಲಿ ಕೂರ್ತಾರಲ್ಲ, ಅದು. ಪಿತ್ತ ಜಾಸ್ತಿಯಾದ್ರೆ ಹಂಗಾಗ್ತದೆ. ಜೀರಿಗೆ ಕಷಾಯ ಕುಡಿದ್ರೆ ಹೋಗ್ತದೆ."

ಅವ್ವನ ಪಾಲಿಗೆ ಲೋಕದ ರೋಗಗಳೆಲ್ಲ ಎರಡೇ ಜಾತಿ. ಒಂದು ಪಿತ್ತ, ಇನ್ನೊಂದು ದೃಷ್ಟಿ. ನಾವಿಬ್ಬರೂ ನಕ್ಕೆವು.

ಅರ್ಥವೇನೋ ಸಿಕ್ಕಿತು. ಹುಟ್ಟು ಎಲ್ಲಿ ಎಂಬುದು ಆ ಚಿಕ್ಕ ಪುಸ್ತಕದಲ್ಲಿರಲಿಲ್ಲ. ಹೈಸ್ಕೂಲಿನಲ್ಲಿ ಅವನಿಗೆ ಇಂಗ್ಲಿಷ್ ಕಲಿಸಿ, ನಿವೃತ್ತರಾಗಿ ಹರಿಹರದಲ್ಲಿ ನೆಲೆಸಿದ್ದ ಮೇಷ್ಟ್ರ ಹತ್ತಿರ ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಡಿಕ್ಷನರಿ ಇತ್ತು. ತಮ್ಮ ಕಾರ್ಡು ಬರೆದ. ಭಾನುವಾರ ಬೆಳಿಗ್ಗೆ ಬಾ, ಪುಸ್ತಕ ತೆಗೆದಿಟ್ಟಿರುತ್ತೇನೆ ಎಂದು ಅವರು ಉತ್ತರ ಬರೆದರು. ಉತ್ತರ ಬಂದ ದಿನವೇ ತಮ್ಮನ ಕಣ್ಣು ಹಳದಿಯಾಗಿತ್ತು.

ಕಾಮಾಲೆ. ಮೆಣಸಿನಕಾಯಿ ಕರಿಯುವ ಮನೆಯಲ್ಲಿ ಯಾರಿಗೂ ಬರಬಾರದ ರೋಗ ಅದು. ಆವರಗೆರೆಯಲ್ಲಿ ನಾಟಿ ಔಷಧಿ ಕೊಡುವ ಅಜ್ಜಿಯೊಬ್ಬಳು ನೆಲನೆಲ್ಲಿ ಸೊಪ್ಪು ಅರೆದು ಹಾಲಿನಲ್ಲಿ ಕುಡಿಸಿ, ಎಣ್ಣೆಯ ಹೆಸರೆತ್ತಬಾರದು ಎಂದು ಕಳಿಸಿದಳು. ಅಂಗಡಿಯಲ್ಲಿ ಬಾಣಲೆ ಚುಂಯ್ ಎನ್ನುವಾಗ ಒಳಗೆ ಚಾಪೆಯ ಮೇಲೆ ಮಜ್ಜಿಗೆ ಅನ್ನ ಉಣ್ಣುತ್ತಾ ಅವನು, "ನನಗೆ ಈಗ ಮೆಲಂಕಲಿ ಬಂದೈತೆ" ಎಂದು ಕೂಗುತ್ತಿದ್ದ. ಅವ್ವ, "ನಾನು ಹೇಳ್ಲಿಲ್ವಾ? ಪಿತ್ತ!" ಎನ್ನುತ್ತಿದ್ದಳು.

ಹೀಗೆ ಹರಿಹರಕ್ಕೆ ಹೋಗುವ ಕೆಲಸ ನನಗೆ ಬಂತು. ಚೀಟಿಯಲ್ಲಿ ಪದವನ್ನು ದೊಡ್ಡದಾಗಿ ಬರೆದುಕೊಟ್ಟ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು.

"ಎಂ ಅಕ್ಷರದಾಗೆ ನೋಡ್ಬೇಕು. ಆ ಪದದ ಕೆಳಗೆ ಇರೋದನ್ನೆಲ್ಲ ಹೆಂಗೈತೋ ಹಂಗೇ ಬರ್ಕೊಂಡು ಬಾ. ತಿಳೀದಿದ್ರೆ ಮೇಷ್ಟ್ರನ್ನ ಕೇಳು."

"ಎಂ ನನಗೂ ಗೊತ್ತೈತೆ ಬಿಡಲೇ. ಎರಡು ಗುಡ್ಡ ಇರ್ತಾವಲ್ಲ."

ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ನಾನು ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಹರಿಹರವೇನು ದೂರವಲ್ಲ, ಕಿಟಕಿಯ ಪಕ್ಕ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬಂದುಬಿಡುತ್ತದೆ. ಆದರೂ ನನಗೆ ದೇಶಾಂತರ ಹೊರಟಂತಿತ್ತು. ಕೈಯಲ್ಲಿ ಹಿಟ್ಟಿಲ್ಲ, ಕಣ್ಣಲ್ಲಿ ಹೊಗೆ ಇಲ್ಲ. ಯಾರೂ "ಎರಡು ಪ್ಲೇಟ್ ಬೇಗ" ಎನ್ನುತ್ತಿಲ್ಲ. ಕಂಡಕ್ಟರ್ "ಎಲ್ಲಿಗಕ್ಕಾ?" ಎಂದಾಗ "ಹರಿಹರ" ಎಂದು ಎಷ್ಟು ಜೋರಾಗಿ ಹೇಳಿದೆನೆಂದರೆ ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿದ.

ಮೇಷ್ಟ್ರ ಮನೆ ಸುಲಭವಾಗಿ ಸಿಕ್ಕಿತು. ಗೇಟಿನ ಹೊರಗೆ ನಿಂತರೆ ಜಗುಲಿ ಕಾಣುತ್ತಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಆ ದೊಡ್ಡ ಪುಸ್ತಕವನ್ನು ಇಟ್ಟಿದ್ದರು, ಪೂಜೆಗೆ ಇಟ್ಟ ಹಾಗೆ. ಎದುರಿಗೆ ಅವರ ಮೊಮ್ಮಗಳಿರಬೇಕು, ಹತ್ತು ಹನ್ನೊಂದರ ಹುಡುಗಿ, ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಒಂದು ಕಡೆ ತಡವರಿಸಿದಳು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಮತ್ತೆ ಓದು" ಎಂದರು. ಮತ್ತೆ ತಡವರಿಸಿದಳು. "ಮತ್ತೆ."

ಗೇಟಿನ ಚಿಲಕದ ಮೇಲಿದ್ದ ನನ್ನ ಕೈ ಹಾಗೇ ನಿಂತಿತು. ಒಳಗೆ ಹೋದರೆ ನನಗೂ ಪುಸ್ತಕ ತೆರೆದುಕೊಟ್ಟು "ಓದಮ್ಮ" ಎನ್ನುತ್ತಾರೆ. ಆ ಹುಡುಗಿಯ ಎದುರಿಗೆ, ಇಪ್ಪತ್ತಮೂರು ವರ್ಷದವಳು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಬೇಕಾಗುತ್ತದೆ. ತಮ್ಮ ಹೇಳಿದ್ದು ಬರೆದುಕೊಂಡು ಬಾ ಎಂದಲ್ಲವೇ, ಓದು ಎಂದಲ್ಲವಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಕೈ ತೆಗೆದು ಸೀದಾ ನಡೆದೆ.

ಓಡಿಹೋಗಬೇಕೆಂದು ಹೋದದ್ದಲ್ಲ. ಎರಡು ಬೀದಿ ಆಚೆ ನನ್ನ ಜೊತೆ ಏಳನೆಯವರೆಗೆ ಓದಿದ ಗೆಳತಿ ಇದ್ದಳು, ಅಲ್ಲಿಗೇ ಮದುವೆಯಾಗಿದ್ದಳು. ಅವಳ ಮನೆಯಲ್ಲಿ ಸ್ವಲ್ಪ ಹೊತ್ತು ಕೂತು, ಆ ಹುಡುಗಿಯ ಪಾಠ ಮುಗಿದ ಮೇಲೆ ಹೋಗೋಣ ಎಂದುಕೊಂಡೆ.

ಗೆಳತಿ ಬಾಗಿಲು ತೆಗೆದವಳೇ ಬಾಯಿಗೆ ಬೆರಳಿಟ್ಟಳು. ಗಂಡ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಕಿಟಕಿಗೆ ದಪ್ಪನೆಯ ಕರಿ ಕಂಬಳಿ ಕಟ್ಟಿದ್ದಳು. ಹಗಲು ಹನ್ನೊಂದು ಗಂಟೆಗೆ ಒಳಗೆ ಅಮಾವಾಸ್ಯೆ.

"ಹಗಲೆಲ್ಲ ಹಿಂಗೇ ಏನೇ?" ಎಂದು ಪಿಸುಗುಟ್ಟಿದೆ.

"ಹಿಂಗೇ. ಈ ಕಂಬಳಿ ನೋಡಿ ನೋಡಿ ನನ್ನ ಮುಖಾನೂ ಕಂಬಳಿ ಆಗೈತೆ. ನಡಿ ನಡಿ, ಹೊಳೆಗೆ ಹೋಗಾಣ. ಇಲ್ಲಿ ನಕ್ಕರೆ ಇವರು ಏಳ್ತಾರೆ."

ಬಟ್ಟೆಯ ಗಂಟು ಹೊತ್ತುಕೊಂಡಳು. ನಾನು ಬಕೆಟ್ ಹಿಡಿದೆ. ಆಮೇಲಿನದನ್ನು ಹೇಗೆ ಬರೆಯಲಿ? ತುಂಗಭದ್ರೆ ಮೊಣಕಾಲಿನಷ್ಟಿತ್ತು. ಬಿಸಿಲು ಹದವಾಗಿತ್ತು. ಬಂಡೆಯ ಮೇಲೆ ಬಟ್ಟೆ ಒಗೆದು ಹರವಿ, ಸೀರೆ ಎತ್ತಿಕಟ್ಟಿ ನೀರಿಗಿಳಿದೆವು. ಗೆಳತಿ ನಮ್ಮ ಹಳೆಯ ಗಣಿತದ ಮೇಷ್ಟ್ರ ನಡಿಗೆ ಮಾಡಿ ತೋರಿಸಲು ಹೋಗಿ ಪಾಚಿಗೆ ಜಾರಿ ಕೂತಳು. ಎಬ್ಬಿಸಲು ಹೋಗಿ ನಾನೂ ಕೂತೆ. ಕೂತ ಮೇಲೆ ಏಳುವುದೇಕೆಂದು ಅಲ್ಲೇ ಕುತ್ತಿಗೆಯವರೆಗೆ ನೀರಲ್ಲಿ ಕೂತು ಊರಿನ ಸುದ್ದಿಯನ್ನೆಲ್ಲ ಮಾತಾಡಿದೆವು. ಅವಳ ಅತ್ತೆಯ ಗೊರಕೆ, ನನ್ನನ್ನು ನೋಡಲು ಬಂದು ಹೆಣ್ಣನ್ನು ಬಿಟ್ಟು ಆರು ಮೆಣಸಿನಕಾಯಿ ತಿಂದು ಹೋದ ಗಂಡು, ಎಲ್ಲ. ಪಕ್ಕದಲ್ಲಿ ಒಗೆಯುತ್ತಿದ್ದ ಮುದುಕಿಯೊಬ್ಬಳು, "ಏನ್ರವ್ವಾ, ಸೌತೆಕಾಯಿ ತಿಂತೀರಾ?" ಎಂದು ಉಪ್ಪು ಖಾರ ಹಚ್ಚಿದ ಹೋಳು ಕೊಟ್ಟಳು. ಒದ್ದೆ ಸೀರೆ ಮೈಮೇಲೇ ಒಣಗಲೆಂದು ಬಿಸಿಬಂಡೆಯ ಮೇಲೆ ಅಂಗಾತ ಮಲಗಿದೆವು. ಮೇಲೆ ಸೇತುವೆಯ ಮೇಲೆ ಲಾರಿಗಳು ಹೋಗುತ್ತಿದ್ದವು. ಒಬ್ಬ ಡ್ರೈವರ್ ಹಾರನ್ ಬಾರಿಸಿದ. ಗೆಳತಿ ಮಲಗಿದಲ್ಲಿಂದಲೇ ಮದುಮಗಳಂತೆ ಕೈ ಮುಗಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಮೆಲಂಕಲಿ ಎಂದು ಬರೆದ ಚೀಟಿ ಸೆರಗಿನ ತುದಿಯ ಗಂಟಿನಲ್ಲಿ ನೆನೆದು ಹಿಟ್ಟಾಗಿತ್ತು.

ಎದ್ದು ನೋಡಿದರೆ ಹೊತ್ತು ಇಳಿದಿತ್ತು. ಸಂಜೆಯ ವ್ಯಾಪಾರಕ್ಕೆ ನಾನು ಬಾಣಲೆಯ ಮುಂದಿರಬೇಕು. ಮೇಷ್ಟ್ರ ಬೀದಿಯ ಕಡೆ ತಿರುಗದೆ ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸಿನಲ್ಲಿ ಕೂತ ಮೇಲೆ ಖಾಲಿ ನೋಟ್‌ಬುಕ್ಕು ತೊಡೆಯ ಮೇಲೆ ಭಾರವಾಯಿತು. ದಾವಣಗೆರೆ ಬರುವಷ್ಟರಲ್ಲಿ ಒಂದು ಕಥೆ ಸಿದ್ಧವಾಗಬೇಕಿತ್ತು, ಆಯಿತು. ನಿಜ ಹೇಳಬೇಕೆಂದರೆ ಕಷ್ಟವಾಗಲಿಲ್ಲ.

ತಮ್ಮ ಚಾಪೆಯ ಮೇಲೆ ಎದ್ದು ಕೂತು ಕಾಯುತ್ತಿದ್ದ.

"ಬರ್ಕೊಂಡ್ಯಾ?"

"ಪುಸ್ತಕ ಭಾರಲೇ, ಮೇಷ್ಟ್ರೇ ಓದಿ ಬಾಯಲ್ಲೇ ಹೇಳಿದ್ರು. ನನಗೆ ನೆನಪೈತೆ, ಬರ್ಕೋ." ನಾನು ಗೋಡೆಗೆ ಒರಗಿ ಕೂತೆ. "ಬಿಳಿಯರ ದೇಶದಾಗೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟಲ್ವಂತೆ. ಆಗ ಅಲ್ಲಿ ಹೆಂಗಸರು ಚಳಿಗೆ ಕಿಟಕಿಗೆ, ಬಾಗಿಲಿಗೆ ದಪ್ಪನೇದು ಕರಿ ಕಂಬಳಿ ಕಟ್ತಾರಂತೆ. ಆ ಕಂಬಳಿ ಹೆಸರೇ ಮೆಲಂಕಲಿ. ಅದನ್ನ ಕಟ್ಟಿದ ಮನೆಯಾಗೆ ಎಲ್ಲರಿಗೂ ಮಂಕು ಬಡೀತದೆ. ಅದಕ್ಕೆ, ಯಾರಾದ್ರೂ ಮುಖ ಸಪ್ಪಗೆ ಮಾಡ್ಕೊಂಡು ಕೂತ್ರೆ, ಇವನ ಎದೆ ಕಿಟಕಿಗೆ ಮೆಲಂಕಲಿ ಕಟ್ಟೈತೆ ಅಂತಿದ್ರಂತೆ. ಬರ್ತಾ ಬರ್ತಾ ಕಂಬಳಿ ಹೋತು, ಹೆಸರು ಉಳೀತು."

ತಮ್ಮನ ಹಳದಿ ಕಣ್ಣು ಹೊಳೆಯಿತು. "ಯಕ್ಕಾ! ಎಂಥಾ ಚಂದ ಐತಲ್ಲ!" ಎಂದ. ಒಂದೊಂದೇ ಮಾತನ್ನು ಬರೆದುಕೊಂಡ. "ಮೇಷ್ಟ್ರು ಇಷ್ಟೆಲ್ಲ ಹೇಳಿದ್ರಾ?"

"ಹೂಂ" ಎಂದೆ. ಮೆಣಸಿನಕಾಯಿ ಸೀಳುವ ನೆಪದಲ್ಲಿ ಎದ್ದುಹೋದೆ.

ಹದಿನೈದು ದಿನದ ಮೇಲೆ ಅವನ ಕಣ್ಣು ಬೆಳ್ಳಗಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಹೋದ. ಸಂಜೆ ಬಂದಾಗ "ಹೆಂಗಾತು?" ಎಂದೆ. "ಚೆನ್ನಾಗಾತು ಯಕ್ಕಾ" ಎಂದು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ. ಶಿವಮೊಗ್ಗದ ಮಾತು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಎರಡು ದಿನ ಕಳೆದು ಅವನ ಕ್ಲಾಸಿನ ಇಬ್ಬರು ಹುಡುಗರು ಅಂಗಡಿಗೆ ಬಂದರು.

"ಅಕ್ಕಾ, ಎರಡು ಪ್ಲೇಟ್ ಮೆಣಸಿನಕಾಯಿ. ಕಂಬಳಿ ಇಲ್ವಾ?"

"ಯಾವ ಕಂಬಳಿ?"

"ನಿಮ್ಮ ತಮ್ಮ ಅಕ್ಕಾ! ಗೊತ್ತಿಲ್ವಾ?" ಎಂದು ಇಬ್ಬರೂ ನಗುತ್ತಾ, ಒಬ್ಬರ ಮಾತನ್ನು ಒಬ್ಬರು ಕಸಿದುಕೊಳ್ಳುತ್ತಾ ಹೇಳಿದರು. ತಮ್ಮ ಕಥೆಯನ್ನು ಚೆನ್ನಾಗಿಯೇ ಹೇಳಿದನಂತೆ, ಹುಡುಗಿಯರು ಚಪ್ಪಾಳೆ ಹೊಡೆದರಂತೆ. ಲೆಕ್ಚರರು ಮಾತ್ರ ಕೊನೆಯಲ್ಲಿ ಎದ್ದು, "ಅದು ಗ್ರೀಕರ ಪದ ಕಣಪ್ಪ. ಗ್ರೀಸಿನಲ್ಲಿ ನಮ್ಮ ಚಳ್ಳಕೆರೆ ಕಂಬಳಿ ಕುರಿ ಮೇಯಿಸ್ತಿದ್ರೇನು?" ಎಂದರಂತೆ. ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತಂತೆ. ಯಾವ ಪುಸ್ತಕದಲ್ಲಿ ನೋಡಿದೆ, ಯಾರು ಹೇಳಿದರು ಎಂದು ಕೇಳಿದಾಗ ತಮ್ಮ, "ಯಾರೂ ಹೇಳ್ಲಿಲ್ಲ ಸರ್, ನಾನೇ ಕಟ್ಟಿದ್ದು" ಎಂದನಂತೆ. ಪಾಠದಲ್ಲಿ ಸುಳ್ಳು ಹೇಳುವವನನ್ನು ಕಾಲೇಜಿನ ಹೆಸರಿನಲ್ಲಿ ಎಲ್ಲಿಗೂ ಕಳಿಸುವುದಿಲ್ಲ ಎಂದು ಲೆಕ್ಚರರು ಶಿವಮೊಗ್ಗಕ್ಕೆ ಬೇರೆಯವರ ಹೆಸರು ಬರೆದರಂತೆ.

"ಆದ್ರೂ ಕಥೆ ಸಖತ್ತಾಗಿತ್ತು ಅಕ್ಕಾ" ಎಂದ ಒಬ್ಬ. ನಾನು ಮೆಣಸಿನಕಾಯಿಯನ್ನು ಹೊತ್ತಿಸಿಬಿಟ್ಟಿದ್ದೆ. ಎಸೆದು ಬೇರೆ ಬಿಟ್ಟೆ.

ಆ ಭಾನುವಾರ ತಮ್ಮ ತಾನೇ ಹರಿಹರಕ್ಕೆ ಹೋಗಿಬಂದ. ಊಟಕ್ಕೆ ಕೂತಾಗ ಅವ್ವನಿಗೆ ವಿವರಿಸಿದ. ಹಿಂದೆ ಗ್ರೀಕರ ದೇಶದಲ್ಲಿ ವೈದ್ಯರಿದ್ದರು. ಮನುಷ್ಯನ ಮೈಯಲ್ಲಿ ನಾಲ್ಕು ದ್ರವ ಇವೆ ಎಂದು ಅವರು ನಂಬಿದ್ದರು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ನಾಲ್ಕೂ ಸಮನಾಗಿದ್ದರೆ ಮನುಷ್ಯ ಚೆನ್ನಾಗಿರುತ್ತಾನೆ. ಕಪ್ಪು ಪಿತ್ತ ಹೆಚ್ಚಾದರೆ ಅವನಿಗೆ ಮಂಕು ಕವಿಯುತ್ತದೆ, ಕಾರಣವಿಲ್ಲದೆ ದುಃಖ ಬರುತ್ತದೆ. ಅವರ ಮಾತಿನಲ್ಲಿ ಮೆಲಾನ್ ಎಂದರೆ ಕಪ್ಪು, ಖೊಲೆ ಎಂದರೆ ಪಿತ್ತ. ಎರಡೂ ಕೂಡಿ, ಊರೂರು ದಾಟಿ, ಬಾಯಿಂದ ಬಾಯಿಗೆ ಸವೆದು ಇಂಗ್ಲಿಷಿಗೆ ಬಂದಾಗ ಮೆಲಂಕಲಿ.

ಅವ್ವ ತುತ್ತು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಏನಂದಿ?"

"ಕಪ್ಪು ಪಿತ್ತ ಅಂತವ್ವ."

"ಪಿತ್ತ!" ಅವ್ವ ಎಡಗೈಯಿಂದ ನೆಲ ಬಡಿದಳು. "ನಾನು ಮೊದಲನೇ ದಿನಾನೇ ಹೇಳ್ಲಿಲ್ಲೇನು? ಈರುಳ್ಳಿ ಹೆಚ್ತಾ ಹೇಳಿದೆ. ಹೆಂಗೆ ನಕ್ರಿ ಇಬ್ರೂ! ಈಗ ಆ ಗ್ರೀಕರೇ ಹೇಳ್ಯಾರೆ. ಕಷಾಯಾನೂ ಬರೆದಿರ್ತಾರೆ ನೋಡು, ಆ ಪುಸ್ತಕದಾಗೆ ಸರಿಯಾಗಿ ಹುಡುಕು."

ತಮ್ಮ ಬಿದ್ದು ಬಿದ್ದು ನಕ್ಕ. ಅವ್ವ ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಗ್ರೀಕರು ತನ್ನ ಕಡೆಯವರೆಂದು ಹೇಳತೊಡಗಿದಳು.

ಅವ್ವ ಪಾತ್ರೆ ತೊಳೆಯಲು ಹೋದಾಗ ತಮ್ಮ ನನ್ನ ಹತ್ತಿರ ಬಂದು ಕೂತ. ನಾನು ಮರುದಿನಕ್ಕೆ ಮೆಣಸಿನಕಾಯಿ ಸೀಳುತ್ತಿದ್ದೆ. ಸಿಟ್ಟಿಲ್ಲದ ದನಿಯಲ್ಲಿ, "ಮೇಷ್ಟ್ರು ನಿನ್ನ ಕೇಳಿದ್ರು ಯಕ್ಕಾ. ಅವತ್ತು ಮಧ್ಯಾಹ್ನದವರೆಗೂ ಪುಸ್ತಕ ತೆಗೆದಿಟ್ಟುಕೊಂಡು ಕೂತಿದ್ರಂತೆ" ಎಂದ.

ನನ್ನ ಮಾತಿಗೆ ಜಾಗ ಬಿಟ್ಟು ಕೂತಿದ್ದ ಎಂದು ನನಗೆ ತಿಳಿಯಿತು.

"ಹೌದಾ?" ಎಂದೆ. ಅಷ್ಟೇ ಎಂದೆ.

ಅವನು ಇನ್ನೊಂದು ಚಾಕು ತಗೊಂಡು ತಾನೂ ಸೀಳಲು ಶುರುಮಾಡಿದ.

ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ತಪ್ಪು ಮಾಡಿದವರು ಎದುರಿನವರ ತಟ್ಟೆಗೆ ಒಂದು ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಾರೆ, ಅವರು ತಿಂದರೆ ಲೆಕ್ಕ ಚುಕ್ತಾ. ಅಪ್ಪ ಅವ್ವನ ಜಗಳಗಳೆಲ್ಲ ಹಾಗೇ ಮುಗಿಯುತ್ತಿದ್ದವು. ನಾನೂ ಅದನ್ನೇ ಹಿಡಿದೆ. ದಿನಾ ಸಂಜೆ ಅವನಿಗೆ ಎರಡು ಹೆಚ್ಚಿಗೆ ಹಾಕಿದೆ, ಕಾಮಾಲೆಯಿಂದ ಎದ್ದವನು ಎಂಬುದನ್ನೂ ಮರೆತು. ಅವನು ತಿಂದ. ಮರುದಿನ ಮತ್ತೆ ಹಾಕಿದೆ. ಅವನು ತಿಂದ. ನನ್ನ ಲೆಕ್ಕ ಮಾತ್ರ ಚುಕ್ತಾ ಆಗಲಿಲ್ಲ. ಮಳೆಗಾಲದ ಹೊತ್ತಿಗೆ ಅವನ ಪ್ಯಾಂಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ. "ಈ ಹುಡುಗನ ಮೇಲೆ ನಿನಗೆ ಏನೇ ಇಷ್ಟು ಪ್ರೀತಿ?" ಎಂದು ಅವ್ವ ಆಶ್ಚರ್ಯಪಟ್ಟಳು.

ಅವನೂ ಒಂದು ರೂಢಿ ಶುರುಮಾಡಿದ. ದಿನಾ ಕಾಲೇಜಿನಿಂದ ಬಂದು, ಮೆಣಸಿನಕಾಯಿಗೆ ಜೀರಿಗೆ ಉಪ್ಪು ಸವರುತ್ತಾ ನನಗೊಂದು ಇಂಗ್ಲಿಷ್ ಪದ ಹೇಳುವುದು, ಅದರ ಅರ್ಥ, ಅದು ಹುಟ್ಟಿದ ಊರು. ಯಾಕೆ ಎಂದು ಹೇಳಲಿಲ್ಲ. ಮಂಕಿಗೇ ಇಂಗ್ಲಿಷಿನವರ ಹತ್ತಿರ ಹತ್ತಾರು ಪದಗಳಿದ್ದವು. ಗ್ಲೂಮ್ ಎಂದರೆ ಮೋಡ ಕವಿದ ಮುಖ. ಡಿಸ್ಮಲ್ ಎಂಬುದು ಮೊದಲು ಕೆಟ್ಟ ದಿನಗಳಿಗೆ ಇಟ್ಟ ಹೆಸರು, ಅವರ ಹಳೆಯ ಪಂಚಾಂಗದಲ್ಲಿ ತಿಂಗಳಿಗೆ ಎರಡು ದಿನ ಒಳ್ಳೆಯ ಕೆಲಸಕ್ಕೆ ಆಗದೆಂದು ಗುರುತು ಹಾಕುತ್ತಿದ್ದರಂತೆ. "ಅವರಿಗೂ ರಾಹುಕಾಲ ಐತಾ!" ಎಂದು ಅವ್ವನಿಗೆ ಗ್ರೀಕರ ಮೇಲಿದ್ದ ಪ್ರೀತಿ ಇಂಗ್ಲಿಷಿನವರ ಮೇಲೂ ಹರಿಯಿತು. ಲೂಟ್ ಎಂಬುದು ನಮ್ಮ ಕಡೆಯಿಂದಲೇ ಹೋದದ್ದು ಎಂದಾಗ ನಾನು, "ನಮ್ಮ ಲೂಟೀನೂ ಲೂಟಿ ಮಾಡ್ಕೊಂಡು ಹೋದ್ರಾ ಹಂಗಾದ್ರೆ?" ಎಂದೆ. ತಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಳ್ಳಲು ಹೋಗಿ, ಬೆರಳಲ್ಲಿ ಖಾರವಿದ್ದುದರಿಂದ ನಲ್ಲಿಯ ಕಡೆ ಓಡಿದ.

ಅದು ನನ್ನ ಜೀವನದ ಒಳ್ಳೆಯ ವರ್ಷ. ನಡುವೆ ಒಂದು ದಿನ ಅವನ ಜೊತೆ ಹರಿಹರದ ಮೇಷ್ಟ್ರ ಮನೆಗೂ ಹೋಗಿಬಂದೆ. ಅವರು ನನ್ನನ್ನು ಏನೂ ಓದಿಸಲಿಲ್ಲ, ಅವಲಕ್ಕಿ ಕೊಟ್ಟರು. ಇಷ್ಟೆಲ್ಲ ಆದರೂ ತಪ್ಪಾಯಿತು ಎಂಬ ಆ ಒಂದು ಮಾತನ್ನು ನಾನು ಆಡಲಿಲ್ಲ. ದಿನ ಕಳೆದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಸೇರಿಸಿ ಹೇಳಬೇಕಾಗುತ್ತದಲ್ಲ ಎಂದು ಇನ್ನಷ್ಟು ಹಿಂದೆ ಸರಿದೆ. ಹಗುರವಾಗಿ ನಕ್ಕಾಗಲೆಲ್ಲ, ಈ ನಗು ಅವನು ಕೊಟ್ಟದ್ದು ಎಂದು ಚುಚ್ಚುತ್ತಿತ್ತು. ಹೊಳೆಯ ಆ ದಿನದ ಬಗ್ಗೆ ಮಾತ್ರ, ಇಂದಿಗೂ, ಹೋಗಬಾರದಿತ್ತು ಎಂದು ನನಗೆ ಅನ್ನಿಸಿಲ್ಲ. ಗೇಟು ತೆಗೆದು ಪದ ಬರೆದುಕೊಂಡು ಆಮೇಲೆ ಹೊಳೆಗೆ ಹೋಗಬಹುದಿತ್ತು. ಹೊಳೆ ಅಲ್ಲೇ ಇರುತ್ತಿತ್ತು.

ಮತ್ತೆ ಸಂಕ್ರಾಂತಿ ಬಂತು, ಮತ್ತೆ ಶಿವಮೊಗ್ಗದ ಸ್ಪರ್ಧೆ ಬಂತು. ಹೆಸರು ಕೊಡಲು ಹೋದ ತಮ್ಮನಿಗೆ ಲೆಕ್ಚರರು, "ಈ ಸಲ ಏನಪ್ಪ, ಜಮಖಾನವಾ?" ಎಂದು ಕೇಳಿ ಕಳಿಸಿದರಂತೆ. ಇದನ್ನು ಅವನೇ ನಗುತ್ತಾ ಹೇಳಿದ. ಆದರೆ ಆ ಸಂಜೆ ಪದ ಹೇಳಲಿಲ್ಲ.

ಅದಾಗಿ ನಾಲ್ಕನೆಯ ದಿನ, ಸಂಜೆಯ ಗದ್ದಲದಲ್ಲಿ, ಹೆಂಡತಿಯ ಜೊತೆ ಒಬ್ಬರು ಬಂದು ಬೆಂಚಿನ ಮೇಲೆ ಕೂತರು. ಮಂಡಕ್ಕಿ ತಟ್ಟೆ ಹಿಡಿದು ಹೊರಗೆ ಹೋದ ತಮ್ಮ ಹಾಗೇ ನಿಂತುಬಿಟ್ಟ.

"ಓಹೋ, ಕಂಬಳಿ! ಇದೇನಾ ನಿಮ್ಮ ಅಂಗಡಿ?" ಎಂದರು ಅವರು. ಹೆಂಡತಿಯ ಕಡೆ ತಿರುಗಿ, "ನಾನು ಹೇಳಿದ್ದೆನಲ್ಲ, ಗ್ರೀಕರಿಗೆ ಕಂಬಳಿ ಹೊದಿಸಿದವನು. ಇವನೇ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ತಮ್ಮನೂ ನಕ್ಕು, "ಕೂಡ್ರಿ ಸರ್, ಬಿಸಿ ಮೆಣಸಿನಕಾಯಿ ತರ್ತೀನಿ" ಎಂದ.

ನನ್ನ ಕೈಯಲ್ಲಿ ಜಾಲರಿ ಸೌಟು ಇತ್ತು. ಒಲೆ ಬಿಟ್ಟು ಅದನ್ನು ಹಿಡಿದುಕೊಂಡೇ ಹೊರಗೆ ಬಂದೆ. ಎಣ್ಣೆ ತೊಟ್ಟಿಕ್ಕುತ್ತಿತ್ತು. ಲೆಕ್ಚರರ ಹೆಂಡತಿ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದರು.

"ಸರ್, ಆ ಕಂಬಳಿ ನಂದು" ಎಂದೆ.

"ಏನಮ್ಮ?"

"ಆ ಕಥೆ ನಂದು ಸರ್. ಇವನು ಕಟ್ಟಿದ್ದಲ್ಲ. ಇವನಿಗೆ ಕಾಮಾಲೆ ಆಗಿತ್ತು, ನನ್ನ ಹರಿಹರಕ್ಕೆ ಕಳಿಸಿದ್ದ, ಡಿಕ್ಷನರಿ ನೋಡ್ಕೊಂಡು ಬಾ ಅಂತ. ನಾನು ನೋಡ್ಲಿಲ್ಲ. ಬಸ್ಸಿನಾಗೆ ಕೂತು ಕಥೆ ಕಟ್ಟಿ ಇವನಿಗೆ ಹೇಳಿದೆ. ಇವನು ಖರೇ ಅಂತ ನಂಬಿದ. ಸುಳ್ಳು ಹೇಳಿದೋಳು ನಾನು ಸರ್, ಶಿವಮೊಗ್ಗ ತಪ್ಪಿದ್ದು ಇವನಿಗೆ."

ಒಳಗೆ ಅವ್ವ, "ಏ, ಬಾಣಲೆ ಹೊತ್ತುತ್ತೈತಲೇ" ಎಂದು ಕೂಗಿ, ಯಾರೂ ಕದಲದಿದ್ದುದರಿಂದ ತಾನೇ ಎದ್ದು ಬಂದು ಒಲೆ ತಗ್ಗಿಸಿದಳು.

ಲೆಕ್ಚರರು ನನ್ನನ್ನು ನೋಡಿದರು, ಸೌಟನ್ನು ನೋಡಿದರು, ತಮ್ಮನನ್ನು ನೋಡಿದರು. "ಮತ್ತೆ ನೀನೇ ಕಟ್ಟಿದ್ದು ಅಂದೆಯಲ್ಲಯ್ಯಾ? ಅಕ್ಕ ಹೇಳಿದ್ದು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇವಳನ್ನ ಕರ್ಕೊಂಡು ಬಾ ಅಂತಿದ್ರಿ ಸರ್" ಎಂದ ತಮ್ಮ. "ಬಂದ್ರೆ ಇವಳು ನಿಮಗೂ ಇನ್ನೊಂದು ಕಥೆ ಹೇಳಿ ನಂಬಿಸ್ತಿದ್ಲು."

ಮೊದಲು ನಕ್ಕವರು ಲೆಕ್ಚರರ ಹೆಂಡತಿ. ಆಮೇಲೆ ಬೆಂಚು, ಆಮೇಲೆ ರಸ್ತೆಯಲ್ಲಿ ನಿಂತು ತಿನ್ನುತ್ತಿದ್ದವರು. ಲೆಕ್ಚರರೂ ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು. "ಏಳು ವರ್ಷದಿಂದ ಈ ಪಾಠ ಮಾಡ್ತಿದೀನಮ್ಮ. ಕಪ್ಪು ಪಿತ್ತ ಒಬ್ಬ ಹುಡುಗನಿಗೂ ನೆನಪಿರಲ್ಲ. ನಿಮ್ಮ ಕಂಬಳಿ ಇಡೀ ಕಾಲೇಜಿಗೆ ನೆನಪೈತೆ" ಎಂದರು. ತಮ್ಮನಿಗೆ, "ನಾಳೆ ಬಂದು ಹೆಸರು ಬರೆಸು. ಪುಸ್ತಕ ನೀನೇ ನೋಡು, ಇವರನ್ನ ಕಳಿಸಬೇಡ. ಈಗ ಆ ಬಿಸಿ ಮೆಣಸಿನಕಾಯಿ ಎಲ್ಲಿ?"

ತಮ್ಮ ಒಳಗೆ ಬಂದ. ನಾನೂ ಬಂದೆ. ಅವ್ವ ಹೊಸದಾಗಿ ತೆಗೆದ ಮೆಣಸಿನಕಾಯಿಗಳು ತಟ್ಟೆಯಲ್ಲಿ ಹೊಗೆಯಾಡುತ್ತಿದ್ದವು. ಎಂದಿನಂತೆ ಎರಡನ್ನು ಬೇರೆ ತಟ್ಟೆಗೆ ಹಾಕಿ ಅವನಿಗೆ ಕೊಡಲು ಕೈ ಹೋಯಿತು. ಅವನು ತಟ್ಟೆಯನ್ನು ನೋಡಿದ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಯಕ್ಕಾ, ಇನ್ನು ಆಗಂಗಿಲ್ಲ" ಎಂದ.

ನಾನು ತಟ್ಟೆ ಕೆಳಗಿಟ್ಟೆ.

"ಅವತ್ತು ಗೇಟಿನ ಹತ್ರ ನಿಂತಿದ್ದೆನಪ್ಪ" ಎಂದೆ. "ಓದು ಅಂತಾರೇನೋ ಅಂತ ಹೆದರಿ ಒಳಗೆ ಹೋಗ್ಲಿಲ್ಲ. ನಿನಗೆ ಸುಳ್ಳು ಹೇಳಿದೆ. ನಿನ್ನ ಕ್ಲಾಸಿನೋರು ನಕ್ಕಿದ್ದು ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ನೀನು ಎಲ್ಲ ತಿಳಿದೂ ದಿನಾ ಬಂದು ಪದ ಹೇಳ್ಕೊಟ್ಟೆ, ಆಗಲೂ ಹೇಳ್ಲಿಲ್ಲ. ತಪ್ಪಾತು ಕಣಪ್ಪಾ. ನನ್ನ ಕ್ಷಮಿಸು."